ಒಲೆಗೆ ಹಣವಿದೆ, ಹೊಗೆ ಕೊಳವೆಗೆ ಇಲ್ಲವೇ?

ಈ ಸಲದ ಅಡಿಕೆ ಕೊಯ್ಲು ಶುರುವಾಗುವ ಮುನ್ನ ಒಂದು ಮಾತನ್ನು ಸದಸ್ಯ ಬಂಧುಗಳ ಗಮನಕ್ಕೆ ತರಬೇಕೆಂದಿದ್ದೇವೆ. ಮಾತು ಧಾರಣೆಯದ್ದಲ್ಲ, ಕೊಳೆರೋಗದ್ದೂ ಅಲ್ಲ. ಅಡಿಕೆ ಬೇಯಿಸುವ ಒಲೆಯ ಹಿಂದೆ, ಬಚ್ಚಲ ಹಂಡೆಯ ಹಿಂದೆ ನಿಂತು ಮಾಡು ದಾಟಿ ಹೋಗುವ ಹೊಗೆ ಕೊಳವೆಯದು. ಇದೂ ಒಂದು ಬರೆಯುವ ವಿಷಯವೇ ಎಂದು ಕೆಲವರು ನಗಬಹುದು. ನಕ್ಕ ಮೇಲೆ ಒಮ್ಮೆ ಅಟ್ಟ ಹತ್ತಿ, ಕೊಳವೆಯ ಪಕ್ಕದ ಜಂತೆಯನ್ನು ಮುಟ್ಟಿ ನೋಡಿ ಬರಲಿ.

ಅಡಿಗೆ ಮನೆಗೆ ಗ್ಯಾಸ್ ಬಂದಿದೆ, ನಿಜ. ಆದರೆ ಬಚ್ಚಲಿನ ಹಂಡೆಗೆ ಗ್ಯಾಸ್ ಹಚ್ಚುವವರು ನಮ್ಮಲ್ಲಿ ಎಷ್ಟು ಮಂದಿ? ಅಡಿಕೆ ಬೇಯಿಸಲು ಗ್ಯಾಸ್ ತರಿಸುವವರು ಯಾರು? ಸಿಲ್ವರ್ ಓಕಿನ ಕೊಂಬೆ, ಕಾಫಿ ಗಿಡ ಸವರಿದ ಕಟ್ಟಿಗೆ, ಸೋಗೆ, ಸಿಪ್ಪೆ ಎಲ್ಲ ತೋಟದಲ್ಲೇ ಬಿದ್ದಿರುವಾಗ ಬೆಳೆಗಾರನ ಮನೆಯಲ್ಲಿ ಸೌದೆ ಒಲೆ ಆರುವುದಿಲ್ಲ. ಆರಬೇಕೆಂದು ನಾವು ಹೇಳುತ್ತಲೂ ಇಲ್ಲ. ನಮ್ಮ ಆಕ್ಷೇಪಣೆ ಬೇರೆ. ಒಲೆಗೆ ಒಳ್ಳೆಯ ಇಟ್ಟಿಗೆ, ಬೀಡಿನ ಜಾಲರಿ, ತಾಮ್ರದ ಹಂಡೆ ಎಂದು ಕೈಬಿಚ್ಚಿ ಖರ್ಚು ಮಾಡುವ ನಾವು ಕೊಳವೆಯ ಮಾತು ಬಂದಾಗ "ಯಾವುದಾದರೂ ಒಂದು ಪೈಪು ಹಾಕಿಬಿಡಪ್ಪಾ" ಎನ್ನುತ್ತೇವೆ.

ಈ ತಪ್ಪು ನಮ್ಮಿಂದಲೂ ಆಗಿದೆ. ಇದನ್ನು ಬರೆಯುತ್ತಿರುವ ನಮ್ಮಲ್ಲೊಬ್ಬರ ಮನೆಯಲ್ಲಿ ಬಚ್ಚಲ ಒಲೆಯನ್ನು ಹೊಸದಾಗಿ ಕಟ್ಟಿಸಿದರು. ಗಾರೆಯವರು ಪೇಟೆಯಿಂದ ಜಿಂಕ್ ತಗಡಿನ ಕೊಳವೆ ತಂದರು, ಎರಡು ಹೆಂಚು ತೆಗೆದರು, ತೂರಿಸಿದರು, ಸುತ್ತ ಸಿಮೆಂಟು ಮೆತ್ತಿದರು. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಮೊದಲ ಮಳೆಗಾಲ ಹೇಗೋ ಕಳೆಯಿತು. ಎರಡನೆಯ ಮಳೆಗಾಲಕ್ಕೆ ಕೊಳವೆಯ ಸಂದುಗಳಿಂದ ಡಾಂಬರಿನಂಥ ಕಪ್ಪು ರಸ ಗೋಡೆಯ ಮೇಲೆ ಇಳಿಯತೊಡಗಿತು. ಮನೆಯ ಹಿರಿಯ ಅಮ್ಮ, "ಹೊಗೆ ಮೇಲೆ ಹೋಗ್ತಾ ಇಲ್ಲ ಮಾರಾಯಾ, ನನ್ನ ಕಣ್ಣಿಗೇ ಬರ್ತಾ ಉಂಟು. ಹಳೇ ಒಲೇನೇ ವಾಸಿಯಿತ್ತು" ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಒಂದು ದಿನ ಅಟ್ಟದಲ್ಲಿಟ್ಟಿದ್ದ ಖಾಲಿ ಗೋಣಿಚೀಲ ತೆಗೆಯಲು ಹೋದ ಆಳು ಸುಟ್ಟ ವಾಸನೆ ಎಂದು ಕೂಗಿದ. ನೋಡಿದರೆ ಕೊಳವೆಗೆ ನಾಲ್ಕು ಬೆರಳು ದೂರದಲ್ಲಿದ್ದ ಜಂತೆ ಒಂದು ಮೊಳದಷ್ಟು ಉದ್ದಕ್ಕೆ ಇದ್ದಲಾಗಿತ್ತು. ಉರಿ ಎದ್ದಿರಲಿಲ್ಲ, ಅಷ್ಟೇ ಪುಣ್ಯ.

ಗಾರೆಯವರನ್ನು ದೂರಿ ಪ್ರಯೋಜನವಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ನಾವೂ ಕೇಳಲಿಲ್ಲ.

ಹೊಗೆ ತಾನಾಗಿ ಮೇಲೇರುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಏರುವುದು ಬಿಸಿಯಾಗಿರುವಷ್ಟು ಹೊತ್ತು ಮಾತ್ರ. ಕೊಳವೆಯೊಳಗಿನ ಗಾಳಿ ಹೊರಗಿನದಕ್ಕಿಂತ ಎಷ್ಟು ಬಿಸಿಯೋ, ಕೊಳವೆ ಎಷ್ಟು ಎತ್ತರವೋ, ಸೆಳೆತ ಅಷ್ಟು ಬಲವಾಗಿರುತ್ತದೆ. ತೆಳು ತಗಡಿನ ಕೊಳವೆಯನ್ನು ಗೋಡೆಯ ಹೊರಗೆ ಆಷಾಢದ ಮಳೆಗೆ ಒಡ್ಡಿದರೆ ಹೊಗೆ ಅರ್ಧ ದಾರಿಯಲ್ಲೇ ತಣ್ಣಗಾಗುತ್ತದೆ. ಸೆಳೆತ ನಿಲ್ಲುತ್ತದೆ, ಹೊಗೆಯಲ್ಲಿರುವ ನೀರು ಮತ್ತು ಟಾರು ಕೊಳವೆಯ ಒಳಮೈಗೆ ಅಂಟಿಕೊಳ್ಳುತ್ತವೆ. ಹಸಿ ಸೌದೆಯಾದರೆ ಕೇಳುವುದೇ ಬೇಡ. ಆಗ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಸುಲಿದ ದಿನವೇ ಹಸಿ ಅಡಿಕೆ ಸಿಪ್ಪೆಯನ್ನು ಒಲೆಗೆ ತುರುಕುವ ಅಭ್ಯಾಸ ನಮ್ಮಲ್ಲಿ ಇದೆಯಲ್ಲ, ಕೊಳವೆಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ.

ಈ ಟಾರಿನ ಪದರ ಮೂರು ಮಿಲಿಮೀಟರ್ ದಪ್ಪವಾದರೆ ತೆಗೆಯಲೇಬೇಕು. ಬಿಟ್ಟರೆ ಒಂದು ದಿನ ಒಣ ಸೋಗೆಯ ಜೋರು ಉರಿಗೆ ಅದೇ ಹೊತ್ತಿಕೊಳ್ಳುತ್ತದೆ. ಕೊಳವೆ ರೈಲಿನಂತೆ ಮೊರೆಯುತ್ತದೆ, ಒಳಗಿನ ಶಾಖ ಸಾವಿರ ಡಿಗ್ರಿ ದಾಟಬಹುದು. ಜಿಂಕ್ ತಗಡಿನ ಮೇಲಿನ ಸತುವು 419 ಡಿಗ್ರಿಗೇ ಕರಗುವ ವಸ್ತು. ಆಗ ಕೊಳವೆಯೊಳಕ್ಕೆ ನೀರು ಸುರಿಯಬಾರದು. ಒಲೆಯ ಬಾಯಿ ಮುಚ್ಚಿ ಗಾಳಿ ತಡೆಯಬೇಕು, ಮನೆಯವರನ್ನು ಹೊರಗೆ ಕಳಿಸಬೇಕು.

ಇಟ್ಟಿಗೆ ಅಥವಾ ಜಂಬಿಟ್ಟಿಗೆಯ ಗೂಡು ಕಟ್ಟಿದವರು ತಮಗೆ ಈ ಚಿಂತೆ ಇಲ್ಲ ಎಂದುಕೊಳ್ಳುವುದು ಬೇಡ. ಹೊಗೆಯ ಹುಳಿ ತೇವ ಗಾರೆಯ ಸಂದುಗಳನ್ನು ವರ್ಷ ವರ್ಷವೂ ತಿನ್ನುತ್ತದೆ, ಬಿರುಕಿನಿಂದ ಹೊಗೆ ಪಕ್ಕದ ಕೋಣೆಗೆ ಸೇರುತ್ತದೆ. ಕಣ್ಣಿಗೆ ಕಾಣುವ ಹೊಗೆಗಿಂತ ಕಾಣದ, ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡ್ ಹೆಚ್ಚು ಅಪಾಯ. ಬಾಗಿಲು ಹಾಕಿದ ಬಚ್ಚಲಲ್ಲಿ ತಲೆ ಸುತ್ತಿತೆಂದರೆ ಪಿತ್ತ ಎಂದು ಸುಮ್ಮನಾಗುವವರೇ ಹೆಚ್ಚು. ಇದಕ್ಕೆ ಉಪಾಯ ಗೂಡಿನೊಳಗೆ ಇನ್ನೊಂದು ಕೊಳವೆ ಇಳಿಸುವುದು. ಸುಟ್ಟ ಮಣ್ಣಿನದಾಗಲಿ ಸ್ಟೈನ್‌ಲೆಸ್ ಸ್ಟೀಲಿನದಾಗಲಿ, ಬಿರುಕಿಲ್ಲದ ಒಳಕೊಳವೆ ಹೊಗೆಯನ್ನು ಗಾರೆಗೆ ತಾಗಲು ಬಿಡುವುದಿಲ್ಲ, ಬಿಸಿಯನ್ನೂ ಕಾಯ್ದುಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ 1960ರ ದಶಕದಲ್ಲೇ ಹೊಸ ಚಿಮಣಿಗಳಿಗೆ ಒಳಕೊಳವೆ ಕಡ್ಡಾಯವಾಯಿತು. ಅದೇ ದೇಶದಲ್ಲಿ ಹಿಂದೆ ಸಣ್ಣ ಹುಡುಗರನ್ನು ಚಿಮಣಿಯೊಳಗೆ ಹತ್ತಿಸಿ ಮಸಿ ಕೆರೆಸುತ್ತಿದ್ದರು. ಆ ಮಸಿಯಿಂದ ಅವರಿಗೆ ಮುಂದೆ ಕ್ಯಾನ್ಸರ್ ಬರುತ್ತದೆಂದು ಪರ್ಸಿವಲ್ ಪಾಟ್ ಎಂಬ ವೈದ್ಯರು 1775ರಲ್ಲೇ ಬರೆದರು. ಆ ಪದ್ಧತಿ ನಿಲ್ಲಲು 1875ರ ಕಾಯಿದೆಯವರೆಗೆ, ಪೂರಾ ನೂರು ವರ್ಷ ಬೇಕಾಯಿತು.

ನಮ್ಮ ನಾಡಿನ ಕಥೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರದವರು ಮೂರು ಪಾತ್ರೆಯ ಒಲೆಯನ್ನು ರೂಪಿಸಿದರು. ಅಸ್ತ್ರ ಒಲೆ ಎಂದರೆ ಹಿರಿಯ ಸದಸ್ಯರಿಗೆ ನೆನಪಿದ್ದೀತು. 1980ರ ದಶಕದಲ್ಲಿ ಸರಕಾರದ ಹೊಗೆರಹಿತ ಒಲೆ ಯೋಜನೆ ಬಂತು, 2002ರವರೆಗೂ ನಡೆಯಿತು. ಒಲೆ ಒಳ್ಳೆಯದೇ ಇತ್ತು. ಆದರೆ ಹಾಕಿಹೋದವರು ಕೊಳವೆ ಗುಡಿಸಲು ಮತ್ತೆ ಬರಲಿಲ್ಲ. ಕಟ್ಟಿಕೊಂಡ ಕೊಳವೆಯನ್ನು ಹೆಂಗಸರು ಬೇಸತ್ತು ಕಿತ್ತು ಹಾಕಿದ ಮನೆಗಳನ್ನು ನಾವೇ ಕಂಡಿದ್ದೇವೆ. ಅಂದಿನ ಕಲ್ನಾರಿನ ಕೊಳವೆಗಳು ಕೆಲವು ಮನೆಗಳಲ್ಲಿ ಈಗಲೂ ನಿಂತಿವೆ. ಅವನ್ನು ಗರಗಸದಿಂದ ಕೊಯ್ಯುವುದು, ಒಡೆಯುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ತೆಗೆಯಲೇಬೇಕಾದರೆ ನೀರು ಹಾಕಿ ನೆನೆಸಿ, ಇಡಿಯಾಗಿ ಇಳಿಸಬೇಕು.

ಕೊಳವೆ ಕೂರಿಸುವುದರಲ್ಲಿ ತಿಳಿದವರ ಕೈ ಏಕೆ ಬೇಕು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಎರಡು ತುಂಡು ಸೇರಿಸುವಾಗ ಮೇಲಿನದು ಕೆಳಗಿನದರ ಒಳಗೆ ಕೂರಬೇಕು. ಹೊಗೆ ಮೇಲೆ ಹೋಗುವುದಲ್ಲವೇ ಎಂದು ಹೆಚ್ಚಿನವರು ತಿರುವು ಮುರುವು ಮಾಡುತ್ತಾರೆ. ಆಗ ಒಳಗಿಳಿದ ಟಾರು ಒಲೆಗೆ ವಾಪಸು ಹೋಗದೆ ಸಂದಿನಿಂದ ಹೊರಗೆ ಸುರಿಯುತ್ತದೆ. ಮೇಲೆ ಹೇಳಿದ ಬಚ್ಚಲಿನಲ್ಲಿ ಆದದ್ದು ಇದೇ. ಇನ್ನು ಒಂಟಿ ಪದರದ ಕೊಳವೆಗೂ ಮರಕ್ಕೂ ಒಂದೂವರೆ ಅಡಿ ಅಂತರ ಬೇಕು. ಮಾಡು ದಾಟಿದ ಮೇಲೆ ಕನಿಷ್ಠ ಮೂರು ಅಡಿ ಎತ್ತರ, ಹತ್ತು ಅಡಿಯೊಳಗಿನ ಮಾಡಿನ ಏಣಿಗಿಂತ ಎರಡು ಅಡಿ ಮೇಲೆ ಇರಬೇಕು. ನೇರ ಮೂಲೆಯ ತಿರುವು ಬೇಡ, ಓರೆಯ ತಿರುವು ಸಾಕು. ಬುಡದಲ್ಲಿ ಮಸಿ ತೆಗೆಯಲು ಒಂದು ಮುಚ್ಚಳ. ಇಷ್ಟಿದ್ದರೆ ವರ್ಷಕ್ಕೊಮ್ಮೆ, ಒಲೆ ತಣ್ಣಗಿರುವಾಗ, ಹಗ್ಗಕ್ಕೆ ಕಟ್ಟಿದ ನಾರಿನ ಉಂಡೆಯಿಂದ ಕೊಳವೆ ಗುಡಿಸುವುದು ಒಂದು ಗಂಟೆಯ ಕೆಲಸ. ಸಿಪ್ಪೆ ಉರಿಸುವವರು ಬೇಯಿಸುವ ಕಾಲದಲ್ಲಿ ತಿಂಗಳಿಗೊಮ್ಮೆಯಾದರೂ ಇಣುಕಿ ನೋಡಬೇಕು.

ಆದ್ದರಿಂದ ನಮ್ಮ ಸಲಹೆ ಇದು. ಗೊಬ್ಬರ, ಸುಣ್ಣ, ಮೈಲುತುತ್ತ ತರಿಸಿಡುವ ನಮ್ಮ ಸಂಘ ಒಳ್ಳೆಯ ಸ್ಟೀಲಿನ ಕೊಳವೆ, ತಿರುವು, ಟೋಪಿಗಳನ್ನೂ ತರಿಸಿಡಲಿ. ಊರಿನ ಗಾರೆಯವರಲ್ಲಿ ಇಬ್ಬರನ್ನು ಆರಿಸಿ, ಈ ಕೆಲಸ ಬಲ್ಲವರ ಬಳಿ ಸಂಘದ ಖರ್ಚಿನಲ್ಲಿ ಕಲಿಯಲು ಕಳಿಸಲಿ. ಅವರು ಕೊಳವೆ ಕೂರಿಸಿದ ಮನೆಗೆ ಮಳೆಗಾಲಕ್ಕೆ ಮುಂಚೆ ಒಮ್ಮೆ ಹೋಗಿ ನೋಡಿಬರುವ ಕರಾರು ಇರಲಿ. ಕೂಲಿಯನ್ನು ಸದಸ್ಯರೇ ಕೊಡೋಣ, ಅದಕ್ಕೆ ಸಹಾಯಧನ ಕೇಳುವುದು ಬೇಡ. ಪುಕ್ಕಟೆ ಬಂದ ಕೊಳವೆಯ ಗತಿ ಏನಾಯಿತೆಂದು ನೋಡಿದ್ದೇವೆ. ಖರ್ಚು ಹೆಚ್ಚಾಯಿತು ಎನ್ನುವವರು ಒಂದು ಜಂತೆಯ, ಒಂದು ಅಂಕಣದ ಮಾಡಿನ ಇಂದಿನ ಖರ್ಚನ್ನು ಬಡಗಿಯವರ ಬಳಿ ಕೇಳಿ ಬರಲಿ. ಅಟ್ಟದಲ್ಲಿ ಗೋಟಡಿಕೆಯ ಚೀಲಗಳಿದ್ದರೆ ಅದನ್ನೂ ಸೇರಿಸಿ ಲೆಕ್ಕ ಹಾಕಲಿ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ನಾವೇ ಎತ್ತಲಿದ್ದೇವೆ. ಸದಸ್ಯರು ಬರುವಾಗ ಮನೆಯ ಹೆಂಗಸರನ್ನೂ ಕರೆತರಬೇಕೆಂದು ವಿನಂತಿ. ಒಲೆಯ ಮುಂದೆ ಕೂರುವವರು ಅವರು. ಕೊಳವೆ ಎಲ್ಲಿ ಸೋರುತ್ತದೆ, ಯಾವ ಗಾಳಿಗೆ ಹೊಗೆ ಹಿಂದಕ್ಕೆ ಬರುತ್ತದೆ ಎಂಬುದು ಆಡಳಿತ ಮಂಡಳಿಯ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಅಷ್ಟರೊಳಗೆ, ಕೊಳವೆಯ ಪಕ್ಕ ಅಟ್ಟದಲ್ಲಿ ಗೋಣಿಚೀಲ, ಹಾಳೆ, ಸೋಗೆ ಏನಾದರೂ ಇದ್ದರೆ ಇಂದೇ ಇಳಿಸಿಡಿ.