ಬೆಳೆದ ಧಾನ್ಯವೆಲ್ಲ ತಟ್ಟೆಗೆ ಬರುವುದಿಲ್ಲ



ನಮ್ಮ ಸಂಘದ ಊಟದ ಪಂಕ್ತಿಯಲ್ಲಿ ಎದುರಿಗೆ ಕುಳಿತಿದ್ದ ನಾಲ್ಕೈದು ಹುಡುಗ ಹುಡುಗಿಯರಿಗೆ ಒಂದು ಪ್ರಶ್ನೆ ಹಾಕಿದೆ: "ಪ್ರಪಂಚದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳೆಯುವ ಧಾನ್ಯ ಯಾವುದು?" ಕೆಲವರು ಅಕ್ಕಿ ಎಂದರು, ಕೆಲವರು ಗೋಧಿ ಎಂದರು. ಎರಡೂ ಅಲ್ಲ. ಅದು ಮೆಕ್ಕೆಜೋಳ, ಮಳೆಗಾಲದಲ್ಲಿ ಸುಡಿಸಿ, ಉಪ್ಪು ಖಾರ ನಿಂಬೆಹಣ್ಣು ಸವರಿಸಿಕೊಂಡು ನೀವು ತಿನ್ನುವ ಭುಟ್ಟಾ!

ಹೆಸರಿನ ಗೊಂದಲ ಬೇಡ. ಕನ್ನಡದಲ್ಲಿ ಬರೀ 'ಜೋಳ' ಎಂದರೆ ರೊಟ್ಟಿಯ ಜೋಳ, ಅದು ಬೇರೆ. ಇಂಗ್ಲಿಷಿನಲ್ಲೂ ಇದೇ ಪಾಡು. ಬಿ.ಎ. ಓದುವಾಗ ಹಳೆಯ ಇಂಗ್ಲಿಷ್ ಪದ್ಯಗಳಲ್ಲಿ 'ಕಾರ್ನ್' ಎಂದು ಬಂದಾಗಲೆಲ್ಲ ನಾನು ಮೆಕ್ಕೆಜೋಳದ ಹೊಲವನ್ನೇ ಕಲ್ಪಿಸಿಕೊಳ್ಳುತ್ತಿದ್ದೆ. ಇಂಗ್ಲೆಂಡಿನಲ್ಲಿ ಆ ಮಾತಿಗೆ ಗೋಧಿ, ಬಾರ್ಲಿಯಂಥ ಧಾನ್ಯ ಎಂದರ್ಥವೆಂದು ಆಮೇಲೆ ತಿಳಿಯಿತು.

ಈಗ ಲೆಕ್ಕಕ್ಕೆ ಬರೋಣ. ಪ್ರಪಂಚದಲ್ಲಿ ವರ್ಷಕ್ಕೆ 280 ಕೋಟಿ ಟನ್ನಿಗೂ ಹೆಚ್ಚು ಧಾನ್ಯ ಬೆಳೆಯುತ್ತದೆ. ಸುಮಾರು 800 ಕೋಟಿ ಜನಕ್ಕೆ ಹಂಚಿದರೆ ತಲೆಗೆ ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ. ಅಷ್ಟು ಉಣ್ಣುವವರು ಯಾರಿದ್ದಾರೆ? ಆದರೂ ಹಸಿವು ಯಾಕೆ ಉಳಿದಿದೆ?

ಯಾಕೆಂದರೆ ಮನುಷ್ಯರು ನೇರವಾಗಿ ತಿನ್ನುವುದು ಅರ್ಧಕ್ಕಿಂತ ಕಡಿಮೆ. ಮೂರನೆಯ ಒಂದು ಪಾಲಿಗೂ ಹೆಚ್ಚು ಕೋಳಿ, ಹಂದಿ, ದನಗಳ ಮೇವಾಗುತ್ತದೆ. ಉಳಿದದ್ದರಲ್ಲಿ ಪಿಷ್ಟ, ಬಿಯರ್, ಬಿತ್ತನೆ, ಇಂಧನ ಎಲ್ಲ ಸೇರಿವೆ. ಅಮೆರಿಕದಲ್ಲಂತೂ ಮೆಕ್ಕೆಜೋಳದ ಮೂರನೆಯ ಒಂದು ಪಾಲಿಗೂ ಹೆಚ್ಚು ಎಥೆನಾಲ್ ಕಾರ್ಖಾನೆಗೆ ಹೋಗುತ್ತದೆ.

ಇದು ದೂರದ ಮಾತಲ್ಲ. ದಾವಣಗೆರೆ, ಹಾವೇರಿ ಕಡೆಯ ರೈತರು ಬೆಳೆಯುವ ಮೆಕ್ಕೆಜೋಳಕ್ಕೆ ಮುಂಚಿನಿಂದಲೂ ಕೋಳಿ ಸಾಕುವವರೇ ದೊಡ್ಡ ಗಿರಾಕಿಗಳು. ಈಗ ಪೆಟ್ರೋಲಿಗೆ ಬೆರೆಸುವ ಎಥೆನಾಲಿನವರೂ ಬಂದಿದ್ದಾರೆ. ಮೆಕ್ಕೆಜೋಳ ರಫ್ತು ಮಾಡುತ್ತಿದ್ದ ನಮ್ಮ ದೇಶ 2024ರಲ್ಲಿ ಅದನ್ನು ಹೊರಗಿನಿಂದ ತರಿಸಬೇಕಾಯಿತು. ರೈತನಿಗೆ ಬೆಲೆ ಸಿಕ್ಕರೆ ಸಂತೋಷವೇ. ಆದರೆ ಮೇವು ತುಟ್ಟಿಯಾದರೆ ಬಡವರ ಮಗುವಿನ ಮೊಟ್ಟೆಯೂ ತುಟ್ಟಿಯಾಗುತ್ತದೆ.

ಅಕ್ಕಿಯ ಕಥೆ ಬೇರೆ. ಅದನ್ನು ಹೆಚ್ಚಾಗಿ ಮನುಷ್ಯರೇ ತಿನ್ನುತ್ತಾರೆ, ಬೆಳೆದ ದೇಶದಲ್ಲೇ ತಿನ್ನುತ್ತಾರೆ. ಗಡಿ ದಾಟುವುದು ಹತ್ತರಲ್ಲಿ ಒಂದು ಪಾಲು ಮಾತ್ರ. 2022ರಲ್ಲಿ ಅದರ ಸುಮಾರು 40 ಪಾಲು ಶೇಕಡ ಭಾರತದ್ದೇ ಆಗಿತ್ತು. ಒಳಗೆ ಬೆಲೆ ಏರುತ್ತಿದೆಯೆಂದು 2023ರ ಜುಲೈನಲ್ಲಿ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಅಮೆರಿಕದಲ್ಲಿರುವ ನಮ್ಮವರು ಸೋನಾ ಮಸೂರಿಗೆ ಸಾಲು ನಿಂತದ್ದನ್ನು ನೀವೂ ಫೋನಿನಲ್ಲಿ ನೋಡಿರಬೇಕು. ಅವರು ಎರಡು ಚೀಲ ಹೆಚ್ಚು ಕೊಂಡಿಟ್ಟರು. ನಮ್ಮ ಅಕ್ಕಿಯನ್ನೇ ನಂಬಿರುವ ಪಶ್ಚಿಮ ಆಫ್ರಿಕದ ಬೆನಿನ್‌ನಂಥ ದೇಶದ ಬಡವರು ಏನು ಕೊಂಡಿಟ್ಟಾರು? ಆ ನಿಷೇಧ 2024ರ ಸೆಪ್ಟೆಂಬರಿನವರೆಗೆ ಇತ್ತು.

ಎಲೆಯಲ್ಲಿ ಅನ್ನ ಬಿಡಬೇಡಿ ಎಂದು ನಿಮ್ಮ ಅಜ್ಜಿಯರು ಹೇಳಿಯೇ ಇರುತ್ತಾರೆ. ಆ ಮಾತು ಮರೆಯಬೇಡಿ. ಆದರೆ ನಿಮ್ಮಲ್ಲಿ ಕೆಲವರು ನಾಳೆ ಬ್ಯಾಂಕಿನಲ್ಲೋ, ತೈಲ ಕಂಪೆನಿಯಲ್ಲೋ, ಸರ್ಕಾರದಲ್ಲೋ ಕುಳಿತು ರುಜು ಹಾಕುವವರು. ಅಂಥ ಕಡತ ಮೇಜಿಗೆ ಬಂದ ದಿನ, ಈ ಧಾನ್ಯ ಯಾರ ಎಲೆಯಿಂದ ಬಂತು ಎಂದು ಒಮ್ಮೆ ಕೇಳಿ. ಈ ಆಂಟಿಗೆ ಅಷ್ಟು ಸಾಕು.