ಟೈರಿನ ಖರ್ಚು ಅಂಗಡಿಯ ಬಿಲ್ಲಿಗೆ ಮುಗಿಯುವುದಿಲ್ಲ



ಎಣ್ಣೆ ಡಬ್ಬಿಗೆ ಇಪ್ಪತ್ತು ರೂಪಾಯಿ ಏರಿದರೆ ನಾವು ಹೋಟೆಲಿನವರು ನಾಲ್ಕು ಅಂಗಡಿಗೆ ಫೋನು ಮಾಡುತ್ತೇವೆ. ತೊಗರಿಬೇಳೆಯನ್ನು ಅಂಗೈಯಲ್ಲಿ ಹಾಕಿ ನೋಡದೆ ಕೊಳ್ಳುವುದಿಲ್ಲ. ಆದರೆ ಅದೇ ಬೇಳೆಯನ್ನು ವಾಶಿ ಮಾರ್ಕೆಟಿನಿಂದ ತರುವ, ಮದುವೆ ಹಾಲಿಗೆ ಸಾಂಬಾರಿನ ಹಂಡೆ ಸಾಗಿಸುವ ಟೆಂಪೋದ ಟೈರು ಸವೆದಾಗ, ನಮ್ಮವರಲ್ಲಿ ಅನೇಕರು ಕೇಳುವುದು ಒಂದೇ ಪ್ರಶ್ನೆ: "ಕಡಿಮೆಗೆ ಯಾವುದಿದೆ?"

ಟೈರು ಉರುಳುವಾಗ ಭಾರಕ್ಕೆ ಅಮುಕಿ ಮತ್ತೆ ಸರಿಯಾಗುತ್ತದೆ. ಹೀಗೆ ಅಮುಕುವಾಗ ಬಿಸಿಯಾಗುತ್ತದೆ. ಆ ಬಿಸಿ ಎಲ್ಲಿಂದ ಬಂತು? ನಾವು ಹಾಕಿಸಿದ ಡೀಸೆಲ್‌ನಿಂದ. ಹಳೆಯ ನೈಲಾನ್ ಟೈರಿನಲ್ಲಿ ದಾರದ ಪದರಗಳು ಅಡ್ಡಡ್ಡ ಹೆಣೆದಿರುತ್ತವೆ, ಇಡೀ ಟೈರು ಒಟ್ಟಿಗೆ ನಲುಗುತ್ತದೆ. ರೇಡಿಯಲ್‌ನಲ್ಲಿ ದಾರಗಳು ನೇರವಾಗಿದ್ದು, ನೆಲಕ್ಕೆ ತಾಗುವ ಭಾಗದ ಕೆಳಗೆ ಉಕ್ಕಿನ ಪಟ್ಟಿ ಇರುತ್ತದೆ. ಆದುದರಿಂದ ಬಿಸಿ ಕಡಿಮೆ, ಸವೆತ ಕಡಿಮೆ, ಡೀಸೆಲ್ ಕೂಡ ಕಡಿಮೆ. ಬೆಲೆ ಮಾತ್ರ ಹೆಚ್ಚು.

ಲೆಕ್ಕ ಹಾಕೋಣ. ಟೆಂಪೋ ತಿಂಗಳಿಗೆ 2,000 ಕಿ.ಮೀ. ಓಡುತ್ತದೆ, ಲೀಟರಿಗೆ 10 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. 200 ಲೀಟರ್ ಆಯಿತು. ಲೀಟರಿಗೆ 90 ರೂಪಾಯಿಯಂತೆ 18,000 ರೂಪಾಯಿ. ಇದರಲ್ಲಿ ಶೇಕಡಾ 4 ಉಳಿದರೆ ತಿಂಗಳಿಗೆ 720, ವರ್ಷಕ್ಕೆ 8,640. ಆರು ಟೈರಿಗೆ ತಲಾ 1,500 ಹೆಚ್ಚು ಕೊಟ್ಟರೂ 9,000. ಸುಮಾರು ಹದಿಮೂರು ತಿಂಗಳಲ್ಲಿ ಹಾಕಿದ ದುಡ್ಡು ವಾಪಸು. ಅಲ್ಲಿಂದ ಮುಂದೆ ಓಡಿದ್ದೆಲ್ಲ ಲಾಭ. ಪೇಟೆಯ ಸಿಗ್ನಲ್‌ಗಳಲ್ಲೇ ನಿಂತು ನಿಂತು ಓಡುವ ಗಾಡಿಗೆ ಉಳಿತಾಯ ಕಡಿಮೆ, ಪುಣೆ ಹೆದ್ದಾರಿ ಹಿಡಿಯುವ ಗಾಡಿಗೆ ಜಾಸ್ತಿ. ನಿಮ್ಮ ಗಾಡಿಯ ಲೆಕ್ಕ ನೀವೇ ಬರೆದಿಡಿ.

2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಶೇಕಡಾ 5ರಲ್ಲಿ ಬಿಲ್ಲು ಮಾಡುವ ನಮಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಟೈರಿಗೆ ಕೊಟ್ಟ ತೆರಿಗೆ ಪೂರ್ತಿ ನಮ್ಮ ಕಿಸೆಯದು. ಹಾಗಾಗಿ ಈ ಇಳಿಕೆಯೂ ಪೂರ್ತಿ ನಮ್ಮದೇ.

ಒಳ್ಳೆಯ ಟೈರು ಹಾಕಿಸಿದ ಮಾತ್ರಕ್ಕೆ ಆಗಲಿಲ್ಲ. ಗಾಳಿ ಕಡಿಮೆಯಿದ್ದರೆ ರೇಡಿಯಲ್ ಕೂಡ ಡೀಸೆಲ್ ಕುಡಿಯುತ್ತದೆ. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ ಗಾಳಿ ನೋಡಬೇಕು. ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನದಕ್ಕೆ ಗಾಳಿ ಇಳಿದರೆ ಹೊರಗಿನದು ಇಬ್ಬರ ಭಾರ ಹೊರುತ್ತದೆ. ಒಂದೇ ಆ್ಯಕ್ಸಲ್‌ಗೆ ನೈಲಾನ್, ರೇಡಿಯಲ್ ಬೆರೆಸಬಾರದು. ರಿಟ್ರೆಡ್ ಹಾಕಿಸುವುದಾದರೆ ಹಿಂದಕ್ಕೆ, ಮುಂದಿನ ಚಕ್ರಕ್ಕೆ ಬೇಡ. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, ಪಕ್ಕದಲ್ಲಿರುವ ನಾಲ್ಕಂಕಿ ಓದಿ. 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ಹಳೆಯ ಸ್ಟಾಕು ಕಟ್ಟಲು ಬಂದರೆ ಬೇಡವೆನ್ನಿ. ಗೀರು 1.6 ಮಿ.ಮೀ.ಗಿಂತ ಸವೆದ ಟೈರು ಕಾನೂನಿಗೂ ವಿರುದ್ಧ, ಮಳೆಗಾಲದಲ್ಲಿ ಜೀವಕ್ಕೂ ಅಪಾಯ.

ಇಲ್ಲಿ ಡೀಸೆಲ್‌ಗಿಂತ ದೊಡ್ಡ ಮಾತು ಇದೆ. ಹನ್ನೆರಡು ಗಂಟೆಗೆ ಮುಹೂರ್ತ, ಐನೂರು ಎಲೆಯ ಊಟ, ಗಾಡಿ ಖಂಡಾಲ ಘಾಟಿನಲ್ಲಿ ಟೈರು ಸಿಡಿದು ನಿಂತರೆ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ಗಿರಾಕಿಗೂ ನಮಗೂ ಒಟ್ಟಿಗೇ ಅನ್ವಯ. ಅದಕ್ಕಿಂತ ಹೆಚ್ಚಾಗಿ, ಗಾಡಿಯಲ್ಲಿ ಕುದಿಯುವ ರಸಂ ಹಂಡೆಯ ಪಕ್ಕದಲ್ಲೇ ಊರಿನಿಂದ ನಮ್ಮನ್ನು ನಂಬಿ ಬಂದ ಹುಡುಗರು ಕುಳಿತಿರುತ್ತಾರೆ. ಅವರನ್ನು ಹಾಗೆ ಕೂರಿಸುವುದನ್ನೇ ಮೊದಲು ನಿಲ್ಲಿಸಬೇಕು. ಡ್ರೈವರನ ಜೀವವೂ ಆ ಟೈರಿನ ಮೇಲೆಯೇ ಇದೆ.

ನಮ್ಮ ಸಂಘಕ್ಕೆ ಒಂದು ಸಲಹೆ. ಅಕ್ಕಿ, ಗ್ಯಾಸಿಗೆ ಒಟ್ಟಾಗಿ ದರ ಮಾತಾಡಬಹುದಾದರೆ ಟೈರಿಗೂ ಮಾತಾಡಬಹುದು. ನಾಲ್ಕೈದು ಸದಸ್ಯರು ಸೇರಿದರೆ ಇಪ್ಪತ್ತೈದು, ಮೂವತ್ತು ಟೈರಿನ ಆರ್ಡರು ಆಗುತ್ತದೆ, ಡೀಲರನೇ ಕರೆದು ಕೂರಿಸುತ್ತಾನೆ. ಮುಂದಿನ ಸಭೆಯಲ್ಲಿ ಈ ವಿಷಯ ಇಡೋಣ. ಬರುವಾಗ ಪ್ರತಿಯೊಬ್ಬರೂ ತಮ್ಮ ಗಾಡಿಯ ಟೈರಿನ ಸೈಜು, ಹಾಕಿಸಿದ ತಾರೀಖು, ಓಡಿದ ಕಿಲೋಮೀಟರು ಬರೆದು ತರಬೇಕಾಗಿ ವಿನಂತಿ.