ಎರಡು ದಾರಿ, ಒಂದೇ ಬೆಂಕಿ

ಸುತ್ತಲೂ ನೀರಿದ್ದರೂ ದೋಣಿಯಲ್ಲಿದ್ದವರು ಬೆಂಕಿಗೆ ಬಲಿಯಾಗುವುದು ಹೇಗೆ? 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಲಂಗರು ಹಾಕಿದ್ದ 'ಕನ್ಸೆಪ್ಷನ್' ಎಂಬ ಮೋಟಾರು ದೋಣಿ ಹೊತ್ತಿ ಉರಿಯಿತು. ಕೆಳ ಅಂತಸ್ತಿನಲ್ಲಿ ಮಲಗಿದ್ದ 34 ಮಂದಿಯೂ ಸತ್ತರು. ಮೇಲೆ ಮಲಗಿದ್ದ ಐವರು ಸಿಬ್ಬಂದಿ ಮಾತ್ರ ನೀರಿಗೆ ಹಾರಿ ಬದುಕಿಕೊಂಡರು.

ಕೆಳಗಿನಿಂದ ಹೊರಬರಲು ಎರಡು ದಾರಿಗಳಿದ್ದವು: ಮೆಟ್ಟಿಲು ಮತ್ತು ತುರ್ತು ಕಿಂಡಿ. ಆದರೆ ಎರಡೂ ತೆರೆದುಕೊಳ್ಳುತ್ತಿದ್ದುದು ಬೆಂಕಿ ಹತ್ತಿದ್ದ ಅದೇ ಹಜಾರಕ್ಕೆ. ಹೊಗೆ ಬಂದರೆ ಕೂಗುವ ಅಲಾರಂ ಮಲಗುವ ಜಾಗದಲ್ಲಿತ್ತು, ಹಜಾರದಲ್ಲಿ ಇರಲಿಲ್ಲ. ನಿಯಮದಂತೆ ರಾತ್ರಿಯಿಡೀ ಸುತ್ತು ಹಾಕಬೇಕಿದ್ದ ಕಾವಲೂ ಇರಲಿಲ್ಲ. ಕರ್ತವ್ಯಲೋಪಕ್ಕಾಗಿ ಕ್ಯಾಪ್ಟನ್‌ಗೆ 2024ರಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆಯಾಯಿತು.

ಬಿ.ಇ. ಓದುತ್ತಿರುವ ನನ್ನನ್ನು ಕಾಡುವುದು ಆ ದೋಣಿಯ ನಕ್ಷೆ. ಕಾಗದದ ಮೇಲೆ ಎರಡು ದಾರಿ, ಹೊಗೆ ತುಂಬಿದಾಗ ಒಂದೂ ಇಲ್ಲ. ನಾಳೆ ಇಂಥ ನಕ್ಷೆಗಳಿಗೆ ಸಹಿ ಹಾಕುವವರು ನಾವೇ ಅಲ್ಲವೇ? ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದಾಗ ನಾನು ಲೈಫ್ ಜಾಕೆಟ್ ಕೇಳಿ ಪಡೆದಿದ್ದೆ. ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿದೆ ಎಂದು ಕೇಳಲೇ ಇಲ್ಲ. ದೋಣಿಯಿರಲಿ, ಪಿ.ಜಿ. ಕೋಣೆಯಿರಲಿ, ಕಾಲಿಟ್ಟ ತಕ್ಷಣ ನೋಡಿಕೊಳ್ಳಬೇಕಾದ್ದು ಒಂದೇ: ಎರಡನೇ ದಾರಿ ತೆರೆದುಕೊಳ್ಳುವುದು ಎಲ್ಲಿಗೆ?